ಬೀಡಿ ಬಿಡಲು ಬಂದವರಿಗೆ ಚಿಕಿತ್ಸೆ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಸಚಿವರಿಗೆ ಮತ್ತು ಕರ್ನಾಟಕದ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಈ ಪತ್ರದಲ್ಲಿ ನಿಮ್ಮನ್ನು ಕೇಳುತ್ತಿರುವುದು ಒಂದೇ ವಿಷಯ. ಬಿಪಿಗೆ ಮಾತ್ರೆ ಕೊಡುತ್ತೀರಿ, ಶುಗರ್‌ಗೆ ಮಾತ್ರೆ ಕೊಡುತ್ತೀರಿ. ಹಾಗೆಯೇ ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು ಅಂತ ಮನಸ್ಸು ಮಾಡಿ ಬಂದವರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪುಕ್ಕಟೆ ಚಿಕಿತ್ಸೆ ಸಿಗುವ ಹಾಗೆ ಮಾಡಿ. ಬುದ್ಧಿವಾದ ಅಲ್ಲ, ಇನ್ನೊಂದು ಪೋಸ್ಟರ್ ಅಲ್ಲ. ಚಿಕಿತ್ಸೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 2003ರಲ್ಲಿ ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ನಿಂತಿತು. ಪೂರ್ತಿ ನಿಲ್ಲಲಿಲ್ಲ, ಆದರೂ ಬಸ್ಸಿನೊಳಗೆ, ಆಸ್ಪತ್ರೆಯೊಳಗೆ ಹೊಗೆ ಕುಡಿಯಬೇಕಾದ ಕಾಲ ಹೋಯಿತು. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರಕ್ಕೆ ಬಿಡಬೇಕಾಯಿತು. ಆ ಚಿತ್ರ ಬರದಂತೆ ತಡೆಯಲು ಎಷ್ಟು ಒತ್ತಡ ಇತ್ತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ನಮ್ಮ ರಾಜ್ಯವಂತೂ ತನ್ನದೇ ತಿದ್ದುಪಡಿ ತಂದು ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ದಂಡವನ್ನು 200ರಿಂದ 1000 ರೂಪಾಯಿ ಮಾಡಿತು. ಇದೆಲ್ಲ ಒಳ್ಳೆಯ ಕೆಲಸ. ಫಲವೂ ಸಿಕ್ಕಿದೆ. ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ಶೇ 34.6 ಇದ್ದರು. 2016-17ರ ಸಮೀಕ್ಷೆ ಹೊತ್ತಿಗೆ ಶೇ 28.6ಕ್ಕೆ ಇಳಿದರು. ಸೇದುವವರು ಶೇ 14ರಿಂದ 10.7ಕ್ಕೆ ಬಂದರು.

ಆದರೆ ಆ ಶೇ 28.6 ಅಂದರೆ ಸುಮಾರು 26.7 ಕೋಟಿ ಜನ. ಅವರಲ್ಲಿ ಹತ್ತಿರ ಹತ್ತಿರ 10 ಕೋಟಿ ಜನ ಸೇದುವವರು. ತಂಬಾಕಿನಿಂದ ಈ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ. ಇಲ್ಲಿಯವರೆಗೆ ಸರ್ಕಾರದ ಮಾತೆಲ್ಲ ಇನ್ನೂ ಶುರು ಮಾಡದ ಹುಡುಗರ ಕಡೆಗೇ ಇತ್ತು. ಅದು ಬೇಕಾದದ್ದೇ. ಈಗಾಗಲೇ ಇಪ್ಪತ್ತು ವರ್ಷ ಸೇದಿರುವವನ ಜೊತೆ ಮಾತಾಡುವವರು ಯಾರು?

ಅವನಿಗೆ ಗೊತ್ತಿಲ್ಲ ಅಂದುಕೊಂಡು ನಾವು ಅವನನ್ನು ಹೆದರಿಸುತ್ತಲೇ ಇದ್ದೇವೆ. ಅವನಿಗೆ ಗೊತ್ತಿದೆ. ಸೇದಿದರೆ ದೊಡ್ಡ ಕಾಯಿಲೆ ಬರುತ್ತದೆ ಎಂದು ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 92 ಜನ ನಂಬುತ್ತಾರೆ. ಇದು ಸರ್ಕಾರದ್ದೇ ಸಮೀಕ್ಷೆ ಹೇಳಿದ್ದು. ಸಿಗರೇಟು ಸೇದುವವರಲ್ಲಿ ಶೇ 62ರಷ್ಟು, ಬೀಡಿ ಸೇದುವವರಲ್ಲಿ ಶೇ 54ರಷ್ಟು ಜನ ಪ್ಯಾಕಿನ ಮೇಲಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾರೆ. ಸೇದುವವರಲ್ಲಿ ಶೇ 55 ಜನ ಬಿಡಬೇಕು ಅಂತಿದ್ದಾರೆ. ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಪಟ್ಟವರು ಶೇ 38. ಇಷ್ಟು ಜನ ಬಾಗಿಲ ತನಕ ಬಂದು ನಿಂತಿದ್ದಾರೆ ಸ್ವಾಮಿ. ಹಾಗೆ ಪ್ರಯತ್ನಪಟ್ಟವರಲ್ಲಿ ಹತ್ತಕ್ಕೆ ಏಳು ಜನ ಯಾರ ಸಹಾಯವೂ ಇಲ್ಲದೆ, ತಮ್ಮ ಪಾಡಿಗೆ ತಾವು ಹಲ್ಲು ಕಚ್ಚಿಕೊಂಡು ಪ್ರಯತ್ನಪಟ್ಟವರು. ಔಷಧಿ ಬಳಸಿದವರು ನೂರಕ್ಕೆ ನಾಲ್ಕು ಜನ.

ಸಹಾಯ ಇಲ್ಲದೆ ಬಿಟ್ಟರೆ ಏನಾಗುತ್ತದೆ? ವರ್ಷದ ಕೊನೆಗೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಜನ ಅಷ್ಟೇ. ಉಳಿದವರಿಗೆ ಮನೆಯಲ್ಲಿ ಏನು ಹೆಸರು ಸಿಗುತ್ತದೆ ಗೊತ್ತಾ? ಮನಸ್ಸು ಗಟ್ಟಿ ಇಲ್ಲದವನು. ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಇದು ಮನಸ್ಸಿನ ಗಟ್ಟಿತನದ ಪ್ರಶ್ನೆಯೇ ಅಲ್ಲ.

ಒಂದು ದಮ್ಮು ಎಳೆದರೆ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆ ಆಗುತ್ತದೆ, ಹಾಯ್ ಅನಿಸುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದರೆ ನಿಕೋಟಿನ್ ಹಿಡಿದುಕೊಳ್ಳುವ ಗ್ರಾಹಕಗಳು ಮೆದುಳಿನಲ್ಲಿ ಜಾಸ್ತಿಯಾಗುತ್ತವೆ. ಮೆದುಳೇ ಬದಲಾಗಿರುತ್ತದೆ. ಎರಡು ಗಂಟೆ ಕಳೆದರೆ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಆ ಗ್ರಾಹಕಗಳು ಖಾಲಿಯಾಗುತ್ತವೆ, ಸಿಡಿಮಿಡಿ ಶುರುವಾಗುತ್ತದೆ. ಆಗ ಇನ್ನೊಂದು ಹಚ್ಚುತ್ತಾನೆ. ಖುಷಿಗಾಗಿ ಅಲ್ಲ, ಆ ಸಂಕಟ ತಪ್ಪಿಸಿಕೊಳ್ಳೋದಕ್ಕೆ. ರಾತ್ರಿಯಿಡೀ ನಿಕೋಟಿನ್ ಇಲ್ಲದೆ ಮಲಗಿ ಎದ್ದವನಿಗೆ ಬೆಳಗಿನ ಮೊದಲ ಬೀಡಿ ಅಷ್ಟು ಮುಖ್ಯ ಆಗುವುದು ಇದಕ್ಕೇ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಅನ್ನುವ ಒಂದೇ ಪ್ರಶ್ನೆಯಿಂದ ಚಟ ಎಷ್ಟು ಆಳಕ್ಕೆ ಇಳಿದಿದೆ ಅಂತ ಹೇಳಬಹುದು. ಫಾಗರ್‌ಸ್ಟ್ರಾಮ್ ಪರೀಕ್ಷೆ ಅಂತ ಆರು ಪ್ರಶ್ನೆಗಳ ಒಂದು ಪರೀಕ್ಷೆ ಇದೆ, ಜಗತ್ತೆಲ್ಲ ಬಳಸುತ್ತಾರೆ. ಅದರಲ್ಲಿ ಐದು ನಿಮಿಷದೊಳಗೆ ಹಚ್ಚುವವನಿಗೆ ಪೂರ್ತಿ ಮೂರು ಅಂಕ. ನಮ್ಮ ದೇಶದಲ್ಲಿ ದಿನಾ ತಂಬಾಕು ಬಳಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎದ್ದ ಅರ್ಧ ಗಂಟೆಯೊಳಗೇ ಶುರು ಮಾಡುತ್ತಾರೆ. ಇದನ್ನು ಕೆಟ್ಟ ಅಭ್ಯಾಸ ಅಂತ ಕರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಇದೆ.

ಬೀಡಿಯ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಜಾಸ್ತಿ, ಹೆಚ್ಚುಕಡಿಮೆ ದುಪ್ಪಟ್ಟು. ಬೀಡಿ ಚಿಕ್ಕದು, ಎಲೆಯದ್ದು, ಅದಕ್ಕೇ ಅಪಾಯ ಕಮ್ಮಿ ಅಂತ ಎಷ್ಟೋ ಜನ ನಂಬಿದ್ದಾರೆ. ಆ ತೂಬರೆ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಬೆಂಕಿ ಆರುತ್ತಲೇ ಇರುತ್ತದೆ. ಅದಕ್ಕೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಫಿಲ್ಟರ್ ಇಲ್ಲ. ಟಾರು, ಕಾರ್ಬನ್ ಮಾನಾಕ್ಸೈಡ್ ಎಲ್ಲ ನೇರ ಒಳಕ್ಕೆ. ಇಷ್ಟಿದ್ದರೂ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ 40 ಅಂತ ತೀರ್ಮಾನಿಸಿ, ಬೀಡಿಗೆ ಮಾತ್ರ ಶೇ 28 ಇದ್ದದ್ದನ್ನು 18ಕ್ಕೆ ಇಳಿಸಿತು. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ನೆಪ. ದಕ್ಷಿಣ ಕನ್ನಡದಲ್ಲಿ, ಉಡುಪಿಯಲ್ಲಿ ತಲೆಮಾರುಗಳಿಂದ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಬಗ್ಗೆ ನನಗೂ ಕಾಳಜಿ ಇದೆ. ಅವರಿಗೆ ಬೇರೆ ದುಡಿಮೆ ಕಟ್ಟಿಕೊಡಬೇಕು. ತೆರಿಗೆ ಇಳಿಸಿದರೆ ಅವರ ಕೂಲಿ ತಾನಾಗಿ ಏರುವುದಿಲ್ಲ. ಬೀಡಿ ಮಾತ್ರ ಅಗ್ಗವಾಗಿಯೇ ಉಳಿಯುತ್ತದೆ, ಅದೂ ಕಾಯಿಲೆ ಬಂದರೆ ಆಸ್ಪತ್ರೆ ಖರ್ಚು ತಡೆಯಲಾಗದವರ ಕೈಗೆ.

ಈಗ ನನ್ನ ಕೌಂಟರಿನಲ್ಲಿ ನಾನು ನೋಡುವುದನ್ನು ಹೇಳುತ್ತೇನೆ.

ಬೀಡಿಯ ಬದಲು ಅಳತೆಯ ನಿಕೋಟಿನ್ ಕೊಟ್ಟು ಆ ಸಂಕಟ ತಗ್ಗಿಸುವ ನಿಕೋಟಿನ್ ಗಮ್ ಎರಡು ಬಗೆಯಲ್ಲಿ ಸಿಗುತ್ತದೆ, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ. 2 ಮಿಲಿಗ್ರಾಂದನ್ನು ಚೀಟಿ ಇಲ್ಲದೆ ಕೊಡಬಹುದು. 4ಕ್ಕೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವನಿಗೆ 2 ಸಾಲುವುದಿಲ್ಲ, 4 ಬೇಕು. ಅಂದರೆ ಯಾರ ಚಟ ಆಳವಾಗಿದೆಯೋ ಅವನೇ ವೈದ್ಯರ ಹತ್ತಿರ ಹೋಗಬೇಕು. ಹೋದರೆ ಬರುವ ಚೀಟಿಯಲ್ಲಿ ಕೆಮ್ಮಿನ ಸಿರಪ್ ಇರುತ್ತದೆ, ಗ್ಯಾಸ್ಟ್ರಿಕ್ ಮಾತ್ರೆ ಇರುತ್ತದೆ. ಗಮ್ ಬರೆದ ಚೀಟಿ ನನ್ನ ಅಂಗಡಿಗೆ ಬರುವುದು ಅಪರೂಪ. ವೈದ್ಯರನ್ನು ದೂರುತ್ತಿಲ್ಲ. ಹೊರಗೆ ಬಾಗಿಲ ತನಕ ಕ್ಯೂ ಇರುವಾಗ ಅವರಿಗೆ ಒಬ್ಬೊಬ್ಬರಿಗೆ ಸಿಗುವುದೇ ಎರಡು ನಿಮಿಷ. ಸಮೀಕ್ಷೆಯೂ ಅದನ್ನೇ ಹೇಳಿದೆ: ವೈದ್ಯರನ್ನೋ ಆರೋಗ್ಯ ಸಿಬ್ಬಂದಿಯನ್ನೋ ಕಂಡ ಸೇದುವವರಲ್ಲಿ 'ಸೇದುವುದು ಬಿಡಿ' ಎಂಬ ಸಲಹೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ.

ಹಾಗೂ ಹೀಗೂ ಒಬ್ಬ 2 ಮಿಲಿಗ್ರಾಂ ಗಮ್ ಒಂದು ಪಟ್ಟಿ ತಗೊಂಡು ಹೋಗುತ್ತಾನೆ ಅನ್ನಿ. ಸಾಮಾನ್ಯ ಚ್ಯೂಯಿಂಗ್ ಗಮ್ ಹಾಗೆ ಚಕಚಕ ಜಗಿಯುತ್ತಾನೆ, ಎಂಜಲು ನುಂಗುತ್ತಾನೆ. ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಎರಡನೇ ದಿನಕ್ಕೆ ವಾಪಸ್ ಬಂದು, 'ಇದು ನನಗೆ ಆಗಿಬರಲ್ಲ ಸಾರ್' ಅಂತಾನೆ. ಈ ಗಮ್ ಜಗಿಯುವುದಕ್ಕೆ ಒಂದು ಕ್ರಮ ಇದೆ. ನಿಧಾನಕ್ಕೆ ಜಗಿಯಬೇಕು. ನಾಲಿಗೆಗೆ ಚುರುಚುರು ಅಂದ ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಅದಕ್ಕೆ ಸ್ವಲ್ಪ ಮೊದಲು ಕಾಫಿ, ಜ್ಯೂಸ್ ಕುಡಿದಿರಬಾರದು, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಇಷ್ಟನ್ನು ತೋರಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾರ ಕೆಲಸ ಅಂತ ನಮ್ಮ ವ್ಯವಸ್ಥೆಯಲ್ಲಿ ಎಲ್ಲೂ ಗೊತ್ತುಮಾಡಿಲ್ಲ.

ಬೆಲೆ ಇನ್ನೊಂದು ತೊಡಕು. ಮೊದಲ ವಾರಗಳಲ್ಲಿ ದಿನಕ್ಕೆ ಎಂಟು, ಹತ್ತು ಗಮ್ ಬೇಕಾಗುತ್ತದೆ. ಹತ್ತರ ಒಂದು ಪಟ್ಟಿಯ ದುಡ್ಡಿಗೆ ಎರಡು-ಮೂರು ಕಟ್ಟು ಬೀಡಿ ಬರುತ್ತದೆ. ಗಾರೆ ಕೆಲಸದವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಹೇಳಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ಬೀಡಿ ಬಿಟ್ಟವರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳುವುದು, 'ಒಂದು ಎಳೆಯದಿದ್ರೆ ಬೆಳಿಗ್ಗೆ ಹೊಟ್ಟೆ ಸಾಫ್ ಆಗಲ್ಲ.' ಎಷ್ಟೋ ಜನ ಮತ್ತೆ ಶುರು ಮಾಡುವುದು ಇಷ್ಟಕ್ಕೇ. ಅವರು ಸುಳ್ಳು ಹೇಳುತ್ತಿಲ್ಲ, ನೆಪ ಹುಡುಕುತ್ತಲೂ ಇಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟಾಗ ಮಲಬದ್ಧತೆ ಬರುವುದು ವೈದ್ಯರಿಗೆ ಗೊತ್ತಿರುವ ಲಕ್ಷಣ. ಕೆಲವರಿಗೆ ಬಾಯಿ ಹುಣ್ಣಾಗುತ್ತದೆ. ಕೆಲವರಿಗೆ ಕೆಮ್ಮು ಸ್ವಲ್ಪ ದಿನ ಜಾಸ್ತಿಯಾಗುತ್ತದೆ, ನಿದ್ದೆ ಕೆಡುತ್ತದೆ, ಕೋಪ ಬರುತ್ತದೆ. ಮೊದಲ ಎರಡು-ಮೂರು ದಿನ ತೀರಾ ಕಷ್ಟ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಒಂದೊಂದು ಸಲದ ಸೆಳೆತ ಕೆಲವೇ ನಿಮಿಷದ್ದು. ಇದನ್ನು ಮೊದಲೇ ಹೇಳಿ, ನಾರಿನ ಊಟ, ನೀರು, ಬೇಕಿದ್ದರೆ ಒಂದು ವಾರಕ್ಕೆ ಇಸಬ್‌ಗೋಲ್ ಕೊಟ್ಟು ಕಳಿಸಿದರೆ ಅವನು ಹೆದರುವುದಿಲ್ಲ. ಹೇಳದೆ ಕಳಿಸಿದರೆ, ಬಿಟ್ಟಿದ್ದೇ ನನಗೆ ಕಾಯಿಲೆ ತಂದಿತು ಅಂದುಕೊಳ್ಳುತ್ತಾನೆ. ಊರೆಲ್ಲ ಅದನ್ನೇ ಹೇಳಿಕೊಂಡು ಬರುತ್ತಾನೆ.

ನಿಮ್ಮ ಇಲಾಖೆಯದ್ದೇ ಒಂದು ಕಾಗದದ ಕಡೆ ನಿಮ್ಮ ಗಮನ ಸೆಳೆಯಬೇಕು. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಮನೆಗೆ ಹೋಗಿ ತುಂಬುವ ಸಿಬ್ಯಾಕ್ ಎಂಬ ಫಾರ್ಮ್ ಇದೆ. ವಯಸ್ಸು ಆದ ಮೇಲೆ ಕೇಳುವ ಪ್ರಶ್ನೆಯೇ ಬೀಡಿ-ಸಿಗರೇಟು ಸೇದುತ್ತೀರಾ, ಗುಟ್ಕಾ ಹಾಕುತ್ತೀರಾ ಅನ್ನುವುದು. ಉತ್ತರಕ್ಕೆ ಅಂಕ. ಸೊಂಟದ ಅಳತೆ, ಕುಡಿತ, ವ್ಯಾಯಾಮ, ಮನೆಯವರ ಕಾಯಿಲೆ ಎಲ್ಲ ಸೇರಿಸಿ ಮೊತ್ತ ನಾಲ್ಕು ದಾಟಿದವರನ್ನು ತಪಾಸಣೆಗೆ ಮೊದಲು ಕರೆಯುತ್ತಾರೆ. ಬಿಪಿ ಇದ್ದರೆ ಮಾತ್ರೆ, ಶುಗರ್ ಇದ್ದರೆ ಮಾತ್ರೆ. ದಿನಾ ಸೇದುತ್ತೇನೆ ಅಂದವನಿಗೆ? ನಮ್ಮ ಕಡೆ ನಾನು ಕಂಡ ಮಟ್ಟಿಗೆ ಏನೂ ಇಲ್ಲ. ಮನೆ ಬಾಗಿಲಿಗೆ ಹೋಗಿ, ಅವನ ಬಾಯಿಂದಲೇ ಹೌದು ಅನ್ನಿಸಿ, ಬರೆದುಕೊಂಡು ಬಂದ ಮೇಲೆ ಸುಮ್ನೆ ಕೂರುವುದು ಸರಿಯಾ? ಅಷ್ಟು ಬಿಸಿಲಲ್ಲಿ ನಡೆದು ಆ ಹೆಣ್ಣುಮಗಳು ತಂದ ಮಾಹಿತಿಗೆ ಇದೇನಾ ಬೆಲೆ?

ತಂಬಾಕು ಬಿಡಲು ಫೋನಿನಲ್ಲೇ ನೆರವು ಕೊಡುವ ಕ್ವಿಟ್‌ಲೈನ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 1800-11-2356. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಯಿತು, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿಕೊಂಡಿತು. ಕರೆ ಪುಕ್ಕಟೆ. 2018ರ ಸೆಪ್ಟೆಂಬರ್‌ನಿಂದ ಪ್ರತಿ ಪ್ಯಾಕಿನ ಮೇಲೂ ಈ ನಂಬರ್ ಇದೆ. ಒಳ್ಳೆಯ ಸೇವೆ, ಇದನ್ನು ಓದುವವರು ದಯವಿಟ್ಟು ಬರೆದಿಟ್ಟುಕೊಳ್ಳಿ. ಆದರೆ ಒಂದೊಂದೇ ಸಿಗರೇಟು ಬಿಡಿಯಾಗಿ ಕೊಳ್ಳುವವನ ಕೈಗೆ ಪ್ಯಾಕೇ ಬರುವುದಿಲ್ಲ. ಚಿತ್ರವೂ ಇಲ್ಲ, ನಂಬರೂ ಇಲ್ಲ. ನಮ್ಮ ರಾಜ್ಯದಲ್ಲಿ ಬಿಡಿಯಾಗಿ ಮಾರುವುದು ನಿಷೇಧ. ಗೂಡಂಗಡಿಗಳಲ್ಲಿ ಏನು ನಡೆಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ಫೋನಿನಲ್ಲಿ ಮಾತು ಸಿಗುತ್ತದೆ, ಧೈರ್ಯ ಸಿಗುತ್ತದೆ. ಗಮ್ ಸಿಗುವುದಿಲ್ಲ.

ಹೆಂಗಸರ ವಿಷಯ ಇಲ್ಲಿ ಬಿಟ್ಟುಹೋಗಬಾರದು. ಸೇದುವ ಹೆಂಗಸರು ನೂರಕ್ಕೆ ಎರಡು. ಆದರೆ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಎಲ್ಲ ಸೇರಿಸಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವವರು ನೂರಕ್ಕೆ 14. ಎಲೆ ಅಡಿಕೆ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪನ್ನು ಚಟ ಅಂತ ಮನೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರಲ್ಲೂ ಅದೇ ನಿಕೋಟಿನ್. ಅವರಿಗೂ ಇದೇ ಚಿಕಿತ್ಸೆ ಬೇಕು, ಅದೂ ಗಂಡಸರ ಕ್ಯೂನಲ್ಲಿ ನಿಲ್ಲದೆ ಸಿಗಬೇಕು.

ಇದೇನು ಆಗದ ಮಾತಲ್ಲ. ಬ್ರೆಜಿಲ್ ನೋಡಿ. ನಮ್ಮ ಹಾಗೇ ದೊಡ್ಡ ದೇಶ, ನಮ್ಮ ಹಾಗೇ ತಂಬಾಕು ಬೆಳೆಯುವ ದೇಶ. ಅಲ್ಲಿ 1989ರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ವಯಸ್ಕರು ಸೇದುತ್ತಿದ್ದರು. 2019ರ ಹೊತ್ತಿಗೆ ಅದು ಎಂಟರಲ್ಲಿ ಒಬ್ಬರ ಆಸುಪಾಸಿಗೆ ಬಂದಿತ್ತು. ಜಾಹೀರಾತು ನಿಷೇಧ, ಪ್ಯಾಕಿನ ಚಿತ್ರ, ತೆರಿಗೆ ಎಲ್ಲ ಅವರೂ ಮಾಡಿದರು. ಅದರ ಜೊತೆಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚನೆ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಗಮ್, ಸೆಳೆತ ತಗ್ಗಿಸುವ ಬುಪ್ರೊಪಿಯಾನ್ ಮಾತ್ರೆ ಪುಕ್ಕಟೆ ಕೊಟ್ಟರು. ನಾವು ಮೊದಲಿನದೆಲ್ಲ ಮಾಡಿ ಕೊನೆಯದನ್ನು ಬಿಟ್ಟೆವು.

ಕಾಗದದಲ್ಲಿ ನಮ್ಮ ಹತ್ತಿರವೂ ಎಲ್ಲ ಇದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಗೂ 2022ರಲ್ಲಿ ಅದು ಸೇರಿತು. 2024ರ ಜುಲೈನಲ್ಲಿ ವಯಸ್ಕರಿಗೆ ತಂಬಾಕು ಬಿಡಿಸುವ ಚಿಕಿತ್ಸೆ ಹೇಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯನ್ನೇ ಕೊಟ್ಟಿದೆ. ಗಮ್, ಪ್ಯಾಚ್‌ನಂಥದ್ದು ಬಳಸಿದರೆ ಬಿಡುವ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತದೆ, ಜೊತೆಗೆ ಸಮಾಲೋಚನೆ ಇದ್ದರೆ ಇನ್ನೂ ಹೆಚ್ಚು. 2019ರಲ್ಲಿ ನೀವು ಇ-ಸಿಗರೇಟನ್ನು ಪೂರ್ತಿ ನಿಷೇಧಿಸಿದಿರಿ. ಮಕ್ಕಳನ್ನು ನೆನೆದರೆ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಆದರೆ ಸೇದುವುದು ಬಿಡಲು ಕೆಲವು ದೇಶಗಳಲ್ಲಿ ಜನ ಬಳಸುವ ಒಂದು ದಾರಿಯನ್ನು ಮುಚ್ಚಿದ ಮೇಲೆ, ಪರೀಕ್ಷಿಸಿ ಒಪ್ಪಿದ ಔಷಧಿಯ ದಾರಿಯನ್ನು ತೆರೆಯುವ ಹೊಣೆ ಸರ್ಕಾರದ ಮೇಲೇ ಬೀಳುತ್ತದೆ ಅಲ್ವಾ?

ಹಣ ಎಲ್ಲಿಂದ ಅನ್ನುವುದಾದರೆ, ತಂಬಾಕಿನ ಕಾಯಿಲೆ ಮತ್ತು ಸಾವುಗಳಿಂದ 2017-18ರಲ್ಲಿ ದೇಶಕ್ಕಾದ ನಷ್ಟ 1,77,341 ಕೋಟಿ ರೂಪಾಯಿ ಅಂತ ಅಂದಾಜು. ಜಿಡಿಪಿಯ ಶೇ 1ಕ್ಕೂ ಸ್ವಲ್ಪ ಜಾಸ್ತಿ. ಇದರ ಮುಂದೆ ಗಮ್ಮಿನ ಖರ್ಚು ಯಾವ ಲೆಕ್ಕ? ಸರ್ಕಾರ ಸಗಟಾಗಿ ಕೊಂಡರೆ ಬೆಲೆಯೂ ಇಳಿಯುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಂದ ವಸೂಲಿ ಮಾಡುವ ದಂಡದ ಹಣವನ್ನು ಅದೇ ತಾಲ್ಲೂಕಿನ ಚಿಕಿತ್ಸೆಗೆ ಮೀಸಲಿಡಿ. ಸಾವಿರ ರೂಪಾಯಿ ರಸೀದಿಯ ಹಿಂದೆ ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತ ವಿಳಾಸ ಅಚ್ಚು ಹಾಕಿಸಿ.

ಮಾಡಬೇಕಾದದ್ದು ದೊಡ್ಡದಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ (ಪಿಎಚ್‌ಸಿ), ಸರ್ಕಾರದ 'ನಮ್ಮ ಕ್ಲಿನಿಕ್'ಗಳಿಗೂ ಎರಡೂ ಬಗೆಯ ಗಮ್ ಮತ್ತು ಪ್ಯಾಚ್ ಬರಲಿ, ಬಿಪಿ ಮಾತ್ರೆಯ ಹಾಗೆ ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೂ ಒಂದು ಪುಟ ಇರಲಿ. ಅಲ್ಲಿನ ನರ್ಸ್ ಒಬ್ಬರಿಗೆ ಎರಡು ದಿನದ ತರಬೇತಿ ಕೊಟ್ಟು ಈ ಕೆಲಸ ಒಪ್ಪಿಸಿ, ಅದಕ್ಕೆ ಬಿಡುವೂ ಕೊಡಿ. ಆಶಾ ಫಾರ್ಮಿನಲ್ಲಿ ಹೌದು ಅಂದವರ ಪಟ್ಟಿ ಅವರ ಕೈಗೆ ಹೋಗಲಿ. ಮೊದಲ ತಿಂಗಳು ವಾರಕ್ಕೊಮ್ಮೆ ಒಂದು ಫೋನ್. ಕ್ಷಯ ರೋಗಿಗಳಿಗೆ ಇದು ಮೊದಲು ಶುರುವಾಗಲಿ, ಸೇದುವವರಲ್ಲಿ ಕ್ಷಯ ಬರುವುದೂ ಮರುಕಳಿಸುವುದೂ ಜಾಸ್ತಿ. ಮತ್ತೆ, ಎಷ್ಟು ಜನರಿಗೆ ದಂಡ ಹಾಕಿದೆವು ಅಂತ ಪ್ರತಿ ಜಿಲ್ಲೆಯಿಂದ ವರದಿ ತರಿಸುತ್ತೀರಲ್ಲ, ಅದರ ಪಕ್ಕದಲ್ಲೇ ಎಷ್ಟು ಜನ ಬಿಟ್ಟು ಆರು ತಿಂಗಳಾಯಿತು ಅನ್ನುವ ಇನ್ನೊಂದು ಕಾಲಂ ಹಾಕಿ.

ನಲವತ್ತರ ಹೊತ್ತಿಗೆ ಬಿಟ್ಟವನು, ಸೇದುತ್ತಲೇ ಇದ್ದಿದ್ದರೆ ಕಳೆದುಕೊಳ್ಳಬಹುದಾಗಿದ್ದ ಸುಮಾರು ಒಂಬತ್ತು ವರ್ಷ ಆಯುಸ್ಸನ್ನು ಉಳಿಸಿಕೊಳ್ಳುತ್ತಾನೆ. ಅರವತ್ತರಲ್ಲಿ ಬಿಟ್ಟರೂ ಮೂರು ವರ್ಷ. ನನ್ನ ಕೌಂಟರಿಗೆ ಬರುವವರಲ್ಲಿ ಜಾಸ್ತಿ ಜನ ಈ ಎರಡರ ನಡುವಿನ ವಯಸ್ಸಿನವರು. ಅವರಿಗೆ ಈ ವರ್ಷವೇ ಸಹಾಯ ಬೇಕು.

ಪಿಎಚ್‌ಸಿಗಳಿಗೆ ಗಮ್ ಯಾವ ತಿಂಗಳಿನಿಂದ ಬರುತ್ತದೆ ಎಂದು ತಿಳಿಸಿ. ಅದನ್ನು ಹೇಗೆ ಜಗಿಯಬೇಕು, ಬಿಟ್ಟವರಿಗೆ ಮೊದಲ ವಾರ ಏನೇನಾಗುತ್ತದೆ ಅಂತ ನಮ್ಮ ತಾಲ್ಲೂಕಿನ ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ತೋರಿಸಿಕೊಡಲು ನಾನು ಸಂಬಳ ಕೇಳದೆ ಬರುತ್ತೇನೆ. ನನ್ನ ಹಾಗೆ ಬರಲು ಸಿದ್ಧ ಇರುವ ಫಾರ್ಮಸಿಸ್ಟ್‌ಗಳು ಬೇರೆ ತಾಲ್ಲೂಕುಗಳಲ್ಲೂ ಸಿಗುತ್ತಾರೆ. ಕರೆಯಿರಿ.

ಇಂತಿ,
ತಾಲ್ಲೂಕು ಕೇಂದ್ರದ ಒಬ್ಬ ಫಾರ್ಮಸಿಸ್ಟ್